ದೊಡ್ಡಪ್ಪಯ್ಯ ಪಿಚ್ಚರ್ ನೋಡಿದ ಒಪೆರಾ ಹೌಸ್

ನಮಸ್ಕಾರ. ಇವತ್ತು ನನ್ನ ಜೊತೆ ಒಬ್ಬರು ಬಂದಿದ್ದಾರೆ. ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಕೊಡೆ. ಇವರು ನನ್ನ ದೊಡ್ಡಪ್ಪಯ್ಯ. ಊರು ಕುಂದಾಪುರದ ಹತ್ತಿರ. 13ನೇ ವಯಸ್ಸಿಗೆ ಮುಂಬೈಗೆ ಬಂದು, ಗಿರ್‌ಗಾಂವ್‌ನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿದವರು. ಆಮೇಲೆ ಸಪ್ಲಾಯರ್ ಆದರು, ಕೊನೆಗೆ ಗಲ್ಲಾದಲ್ಲಿ ಕೂತರು. ಈಗ ವಯಸ್ಸು ಎಪ್ಪತ್ತು ದಾಟಿದೆ. ಇವತ್ತು ನಾವಿಬ್ಬರೂ ಅವರ ಹಳೇ ಥಿಯೇಟರ್ ನೋಡಲು ಹೊರಟಿದ್ದೇವೆ.

ಇಳಿಯುವುದು ಚರ್ನಿ ರೋಡ್ ಸ್ಟೇಷನ್. ಅಲ್ಲಿಂದ ಸ್ವಲ್ಪ ನಡೆದರೆ ಸಾಕು. ಮುಂಬೈಗೆ ಬಂದ ಹೊಸದರಲ್ಲಿ ನನಗೆ ಒಪೆರಾ ಹೌಸ್ ಅಂದರೆ ಒಂದು ಏರಿಯಾದ ಹೆಸರು, ಅಷ್ಟೇ. ಟ್ಯಾಕ್ಸಿಯವರಿಗೆ ಹೇಳುವ ಹೆಸರು. ವಜ್ರದ ವ್ಯಾಪಾರಕ್ಕೆ ಹೆಸರಾದ ಜಾಗ. 2011ರ ಜುಲೈನಲ್ಲಿ ಬಾಂಬ್ ಸಿಡಿದ ಮೂರು ಜಾಗಗಳಲ್ಲಿ ಒಂದಾಗಿ ಟಿವಿಯಲ್ಲಿ ಇಡೀ ರಾತ್ರಿ ಓಡಿದ ಹೆಸರು. ಆ ಹೆಸರಿನ ಕಟ್ಟಡ ನಿಜವಾಗಿಯೂ ಇದೆ, ಬೀಗ ಹಾಕಿಸಿಕೊಂಡು ಅಲ್ಲೇ ನಿಂತಿದೆ ಅಂತ ನನಗೆ ಹೇಳಿದವರು ದೊಡ್ಡಪ್ಪಯ್ಯ.

ಇದೇ ನೋಡಿ. ರಾಯಲ್ ಒಪೆರಾ ಹೌಸ್. ಒಪೆರಾ ಅಂದರೆ ಹಾಡಿನಲ್ಲೇ ಕಥೆ ಹೇಳುವ ಯುರೋಪಿನ ಸಂಗೀತ ನಾಟಕ. ಸುತ್ತ ವಾಹನ, ಹಾರ್ನು, ಎತ್ತರದ ಕಟ್ಟಡಗಳು. ನಡುವೆ ಇದೊಂದು ಹೀಗೆ. ಮೇಲೆ ಆ ತ್ರಿಕೋನದ ಭಾಗ ನೋಡಿ, ಅದರೊಳಗಿನ ಕೆತ್ತನೆ ನೋಡಿ. ಯುರೋಪಿನ ಬರೋಕ್ ಶೈಲಿ, ಅಂದರೆ ತುಂಬಾ ಅಲಂಕಾರದ ಹಳೇ ಶೈಲಿ. ಅದರೊಳಗೆ ನಮ್ಮ ಕಡೆಯ ಅಲಂಕಾರವೂ ಅಲ್ಲಲ್ಲಿ ಸೇರಿಕೊಂಡಿದೆ.

ಇದನ್ನು ಕಟ್ಟಿಸುವ ಯೋಚನೆ ಬಂದಿದ್ದು 1908ರಲ್ಲಿ. ಇಬ್ಬರು ಸೇರಿದರು. ಒಬ್ಬರು ಮಾರಿಸ್ ಬ್ಯಾಂಡ್‌ಮನ್. ಇನ್ನೊಬ್ಬರು ಜಹಾಂಗೀರ್ ಫ್ರಾಮ್ಜಿ ಕರಾಕಾ, ಕಲ್ಲಿದ್ದಲಿನ ದಲ್ಲಾಳಿ ವ್ಯಾಪಾರದ ಪಾರ್ಸಿ. ಬ್ಯಾಂಡ್‌ಮನ್ ಅವರ ಕಥೆ ನನಗೆ ತುಂಬಾ ಇಷ್ಟ. ಅವರದು ನಾಟಕ ಕಂಪನಿ. ನಮ್ಮ ಕಡೆಯ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವಲ್ಲ, ಹಾಗೆ ಇವರು ಹಡಗಿನಲ್ಲಿ ತಂಡ ಹೊರಡಿಸುತ್ತಿದ್ದರು. ಜಿಬ್ರಾಲ್ಟರ್‌ನಿಂದ ಶುರುವಾಗಿ ಬಾಂಬೆ, ಕಲ್ಕತ್ತಾ, ಸಿಂಗಾಪುರ ದಾಟಿ ಜಪಾನಿನವರೆಗೆ ಕ್ಯಾಂಪು. ಅಷ್ಟು ದೊಡ್ಡ ದಾರಿಯಲ್ಲಿ ಬಾಂಬೆಯಲ್ಲೊಂದು ಒಳ್ಳೇ ರಂಗಮಂದಿರ ಬೇಕಾಗಿತ್ತು.

1911ರಲ್ಲಿ ಐದನೇ ಜಾರ್ಜ್ ದೆಹಲಿ ದರ್ಬಾರಿಗೆಂದು ಬಂದಿದ್ದಾಗ ಇದರ ಉದ್ಘಾಟನೆ ಮಾಡಿದರು. ಆಗಿನ್ನೂ ಕೆಲಸ ಮುಗಿದಿರಲಿಲ್ಲ. ಕಟ್ಟಡ ಪೂರ್ತಿಯಾಗಿದ್ದು 1912ರಲ್ಲಿ, ಆಮೇಲೂ ಅದೂ ಇದೂ ಸೇರಿಸುತ್ತಲೇ ಇದ್ದರು.

ಒಳಗೆ ಬಂದೆವು. ಮೊದಲು ಮೇಲೆ ನೋಡಿ. ಈ ಗುಮ್ಮಟಕ್ಕೆ ಸಸೂನ್ ಡೋಮ್ ಅನ್ನುತ್ತಾರೆ. ಎಂಟು ಭಾಗ. ಜಗತ್ತಿನ ಕವಿಗಳಿಗೆ, ನಾಟಕಕಾರರಿಗೆ ಗೌರವ ಅಂತ ಮಾಡಿಸಿದ್ದು. ತೂಗುತ್ತಿರುವ ಎರಡು ದೊಡ್ಡ ಗಾಜಿನ ಗೊಂಚಲು ದೀಪಗಳು ಬಾಂಬೆಯ ಶ್ರೀಮಂತ ಯಹೂದಿ ವ್ಯಾಪಾರಿಗಳಾದ ಸಸೂನ್ ಮನೆತನದವರು ಕೊಟ್ಟಿದ್ದು. ಮೊದಲು ಅವರ ಮನೆಯಲ್ಲೇ ಇದ್ದವಂತೆ. ಆ ಮನೆಯ ಹೆಸರು ಸಾನ್ ಸೂಸಿ. ದೀಪಗಳಿಗೂ ಅದೇ ಹೆಸರು ಉಳಿಯಿತು. ಕ್ಯಾಮೆರಾ ಹತ್ತಿರ ತಂದಿದ್ದೇನೆ, ನೋಡಿ. ಒಂದೊಂದು ಹರಳಿನ ಅಂಚಿನಲ್ಲೂ ಬಾಗಿಲಿನ ಬೆಳಕು ಸಣ್ಣದಾಗಿ ಒಡೆದು ಬಣ್ಣವಾಗುತ್ತಿದೆ. ದೊಡ್ಡಪ್ಪಯ್ಯ ಇದರ ಕೆಳಗೆ ನಿಂತು ಐದು ನಿಮಿಷ ಮಾತೇ ಆಡಲಿಲ್ಲ.

ಈಗ ಸಭಾಂಗಣ. ಈಗ ಇಲ್ಲಿ 575 ಸೀಟುಗಳಿವೆ. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಅದೇ ಇದರ ಚಂದ. ಎಲ್ಲಿ ಕೂತರೂ ರಂಗ ಹತ್ತಿರ. ಇದು ಮೈಕ್ ಇಲ್ಲದ ಕಾಲದ ಥಿಯೇಟರ್, ಅಲ್ವಾ? ಮೇಲಿನ ಗ್ಯಾಲರಿಯಲ್ಲಿ ಕಡಿಮೆ ದುಡ್ಡು ಕೊಟ್ಟು ಕೂತವನಿಗೂ ಪ್ರತಿ ಮಾತು, ಪ್ರತಿ ಸ್ವರ ಕೇಳಬೇಕು ಅಂತ ಲೆಕ್ಕ ಹಾಕಿ ಮೇಲ್ಛಾವಣಿ ಕಟ್ಟಿದ್ದಾರೆ. ನಾನು ಇದನ್ನು ಹೇಳಿದಾಗ ದೊಡ್ಡಪ್ಪಯ್ಯನಿಗೆ ನೆನಪಾಗಿದ್ದು ಊರಿನ ಬಯಲಾಟ. "ನಮ್ಮ ಹಳೇ ಭಾಗವತರಿಗೆ ಮೈಕೂ ಇರ್ಲಿಲ್ಲ, ಮಾಡೂ ಇರ್ಲಿಲ್ಲ ಮಗಾ. ಗದ್ದೆ ಆಚೆ ಕೂತವರಿಗೂ ಪದ ಕೇಳ್ತಿತ್ತು" ಅಂದರು.

ಬಯಲಾಟದ ಮಾತು ಬಂದಿದ್ದು ಒಳ್ಳೆಯದೇ ಆಯಿತು. ಈ ರಂಗದ ಮೇಲೆ ಬರೀ ಇಂಗ್ಲಿಷ್ ಒಪೆರಾ ನಡೆಯಲಿಲ್ಲ. ಬಾಲಗಂಧರ್ವ ಇಲ್ಲಿ ಹಾಡಿದ್ದಾರೆ. ದೀನಾನಾಥ ಮಂಗೇಶ್ಕರ್ ಹಾಡಿದ್ದಾರೆ. ಮರಾಠಿ ಸಂಗೀತ ನಾಟಕದ ದೊಡ್ಡ ಕಾಲ ಅದು. ಆ ನಾಟಕದ ಬೇರು ಹುಡುಕುತ್ತಾ ಹೋದರೆ ನಮ್ಮ ಕರಾವಳಿಗೆ ಬಂದು ಮುಟ್ಟುತ್ತೇವೆ. 1840ರ ದಶಕದ ಶುರುವಿನಲ್ಲಿ ಉತ್ತರ ಕನ್ನಡದ ಕಡೆಯ ಒಂದು ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಅಲ್ಲಿನ ಅರಸರು, ಮರಾಠಿಯಲ್ಲೂ ಹೀಗೆ ಒಂದು ಮಾಡು ಅಂತ ವಿಷ್ಣುದಾಸ್ ಭಾವೆಗೆ ಹೇಳಿದರು. 1843ರಲ್ಲಿ ಭಾವೆಯವರ ನಾಟಕ ರಂಗಕ್ಕೆ ಬಂತು. ಮರಾಠಿ ರಂಗಭೂಮಿಯವರೇ ತಮ್ಮ ಚರಿತ್ರೆಯನ್ನು ಇಲ್ಲಿಂದ ಹೇಳಲು ಶುರು ಮಾಡುತ್ತಾರೆ. ಮುಂದೆ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹಾಗಾಗಿ ಈ ರಂಗದ ಮುಂದೆ ನಿಂತಾಗ ಯಾರದೋ ಮನೆಗೆ ಬಂದ ಹಾಗೆ ನನಗೆ ಅನ್ನಿಸಲಿಲ್ಲ.

ಆಮೇಲೆ ಸಿನಿಮಾ ಬಂತು. ಮೂಕಿ ಚಿತ್ರಗಳ ಕಾಲದಲ್ಲೇ ಇಲ್ಲಿ ಪರದೆ ಕಟ್ಟಿದ್ದರು. 1930ರ ದಶಕದ ನಡುವಿಗೆ ಇದು ಹೆಚ್ಚುಕಡಿಮೆ ಟಾಕೀಸೇ ಆಯಿತು. ನಡುನಡುವೆ ನಾಟಕವೂ ಇತ್ತು. ಪೃಥ್ವಿರಾಜ್ ಕಪೂರ್ ತಮ್ಮ ತಂಡ ಕಟ್ಟಿಕೊಂಡು ಇಲ್ಲೇ ಆಡುತ್ತಿದ್ದರು. 1952ರಲ್ಲಿ ಗುಜರಾತಿನ ಗೊಂಡಲ್ ಸಂಸ್ಥಾನದ ಮಹಾರಾಜ ವಿಕ್ರಮಸಿಂಹಜಿ ಇದನ್ನು ಕೊಂಡುಕೊಂಡರು.

ದೊಡ್ಡಪ್ಪಯ್ಯನ ಒಪೆರಾ ಹೌಸ್ ಅಂದರೆ ಆ ಟಾಕೀಸು. ವಾರದ ರಜೆಯ ದಿನ, ಕೆಲಸ ಮುಗಿಸಿ ಓದುತ್ತಿದ್ದ ರಾತ್ರಿ ಶಾಲೆಯ ಗೆಳೆಯರ ಜೊತೆ. ನಮ್ಮ ಕಡೆ ಗಾಂಧಿ ಕ್ಲಾಸ್ ಅನ್ನುತ್ತೀವಲ್ಲ, ಅಂಥ ಮುಂದಿನ ಸಾಲು. ದುಡ್ಡು ಜಾಸ್ತಿ ಇದ್ದ ದಿನ ಬಾಲ್ಕನಿ. ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಕಲಿತಿದ್ದೇ ಇಲ್ಲಿ ಅನ್ನುತ್ತಾರೆ.

ಇವತ್ತು ಒಳಗೆ ಕಾಲಿಟ್ಟ ಕೂಡಲೇ ಅವರು ರಂಗದ ಎರಡೂ ಬದಿಯ ಬಾಕ್ಸ್‌ಗಳನ್ನು ತೋರಿಸಿದರು. ಚಿನ್ನದ ಬಣ್ಣದ ಅಲಂಕಾರದ ಸಣ್ಣ ಸಣ್ಣ ಬಾಲ್ಕನಿಗಳು. "ಇದೆಲ್ಲ ಇರ್ಲೇ ಇಲ್ಲ ಮಾರಾಯ್ತಿ! ಇದು ಬೇರೆ ಥಿಯೇಟರ್" ಅಂದರು. ಅವರು ಹೇಳಿದ್ದು ಸರಿ. ಸಿನಿಮಾಕ್ಕಾಗಿ ಥಿಯೇಟರ್ ಬದಲಾಯಿಸುವಾಗ ಪಕ್ಕದ ಬಾಕ್ಸ್‌ಗಳನ್ನು ತೆಗೆದುಬಿಟ್ಟಿದ್ದರು. ಅಲ್ಲಿ ಕೂತರೆ ಪರದೆ ಓರೆಯಾಗಿ ಕಾಣುತ್ತದಲ್ಲ. ಈಗ ಹಳೇ ಫೋಟೋಗಳನ್ನು ನೋಡಿ ಮತ್ತೆ ಕಟ್ಟಿದ್ದಾರೆ.

ನಾನು ತುಂಬಾ ಯೋಚಿಸಿದ್ದು ಇದೇ ವಿಷಯ. 1993ರಲ್ಲಿ ಥಿಯೇಟರ್ ಮುಚ್ಚಿತು. ಮನೆಮನೆಗೆ ವಿಡಿಯೋ, ಕೇಬಲ್ ಬಂದ ಮೇಲೆ ಜನ ಬರುವುದು ಕಡಿಮೆಯಾಗಿತ್ತು. ಮುಂದೆ 23 ವರ್ಷ ಬೀಗ. ಮುಂಬೈ ಮಳೆ ಗೊತ್ತಲ್ಲ, ಚಾವಣಿ ಸೋರತೊಡಗಿತು. ಬಾಲ್ಕನಿ ದುರ್ಬಲವಾಯಿತು. 2012ರಲ್ಲಿ, ಹಳೇ ಸ್ಮಾರಕಗಳನ್ನು ಉಳಿಸಲು ಕೆಲಸ ಮಾಡುವ ವಿಶ್ವ ಸ್ಮಾರಕ ನಿಧಿಯವರು (ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್) ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದರು. ಅಷ್ಟರಲ್ಲಿ ಗೊಂಡಲ್ ಮನೆತನದವರು ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರಿಗೆ ಜೀರ್ಣೋದ್ಧಾರದ ಕೆಲಸ ಒಪ್ಪಿಸಿದ್ದರು.

ಜೀರ್ಣೋದ್ಧಾರ ಅಂದರೆ ಸುಣ್ಣ ಬಣ್ಣ ಹೊಡೆಯುವುದು ಅಂತ ನಾನೂ ಅಂದುಕೊಂಡಿದ್ದೆ. ನಿಜವಾಗಿ ಅದು ಕೆರೆಯುವ ಕೆಲಸ. ಗೋಡೆಯ ಒಂದು ಅಂಗೈಯಷ್ಟು ಜಾಗದಲ್ಲಿ ಸಣ್ಣ ಬ್ಲೇಡು ಹಿಡಿದು ಒಂದೊಂದೇ ಪದರ ಬಿಡಿಸಬೇಕು. ಮೇಲಿನ ಬಣ್ಣ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಈರುಳ್ಳಿ ಸಿಪ್ಪೆಯ ಹಾಗೆ. ಕೊನೆಗೆ ಸಿಗುವುದು ಮೊದಲು ಬಳಿದ ಬಣ್ಣ. ಸುಣ್ಣದ ಗಾರೆಯ ಹಳೇ ಗೋಡೆಗೆ ಸಿಮೆಂಟ್ ಮೆತ್ತಿದರೂ ಕೆಡುತ್ತದೆ, ತೇವ ಹೊರಗೆ ಬರಲಾಗದೆ ಒಳಗೇ ಕೂತುಬಿಡುತ್ತದೆ. ಮೊದಲು ನೀರು ಸೋರುವುದನ್ನು ನಿಲ್ಲಿಸಬೇಕು, ಆಮೇಲೆ ಭಾರ ಹೊರುವ ಭಾಗ ಗಟ್ಟಿ ಮಾಡಬೇಕು. ಚಿನ್ನದ ಬಣ್ಣದ ಸರದಿ ಕೊನೆಗೆ.

ಆದರೆ ಕೆರೆಯುತ್ತಾ ಹೋದವರು ಯಾವ ಪದರದಲ್ಲಿ ನಿಲ್ಲಬೇಕು? ಯಾವ ವರ್ಷದ ಥಿಯೇಟರನ್ನು ವಾಪಸ್ ತರಬೇಕು? ಇಲ್ಲಿ ಒಪೆರಾ ಕಾಲದ ರೂಪವನ್ನು ಆರಿಸಿಕೊಂಡರು. ನೋಡಿದರೆ ಆ ಆಯ್ಕೆ ಸರಿ ಅಂತಲೇ ನನಗೆ ಅನ್ನಿಸುತ್ತದೆ. ದೇಶದಲ್ಲಿ ಉಳಿದಿರುವ ಒಂದೇ ಒಪೆರಾ ಹೌಸ್ ಇದು. ಈ ಬಾಕ್ಸ್‌ಗಳು ಬೇರೆಲ್ಲೂ ಸಿಗುವುದಿಲ್ಲ. ಆದರೂ ದೊಡ್ಡಪ್ಪಯ್ಯನ ಪರದೆ, ಅವರ ಬೀಡಿ ಹೊಗೆ, ಸೀಟಿ ಹೊಡೆಯುತ್ತಿದ್ದ ಆ ಮುಂದಿನ ಸಾಲು, ಇವೂ ಈ ಕಟ್ಟಡದ ವಯಸ್ಸಿನ ಅರ್ಧಕ್ಕಿಂತ ಜಾಸ್ತಿ ಕಾಲ ಇಲ್ಲಿದ್ದವು. ಅವು ಕೆರೆದು ಹೋದ ಪದರ. ಅದಕ್ಕೇ ಅವರನ್ನು ಕರೆದುಕೊಂಡು ಬಂದು ಈ ವಿಡಿಯೋ ಮಾಡಬೇಕು ಅನ್ನಿಸಿದ್ದು.

2016ರ ಅಕ್ಟೋಬರ್‌ನಲ್ಲಿ ಬಾಗಿಲು ಮತ್ತೆ ತೆರೆಯಿತು. ಬಾಂಬೆಯಲ್ಲೇ ಹುಟ್ಟಿದ ಒಪೆರಾ ಗಾಯಕಿ ಪೆಟ್ರೀಷಿಯಾ ರೊಸಾರಿಯೊ ಬಂದು ಹಾಡಿದರು. ಮರುವರ್ಷ ಪರಂಪರೆ ಸಂರಕ್ಷಣೆಗೆ ಕೊಡುವ ಯುನೆಸ್ಕೋ ಏಷ್ಯಾ-ಪೆಸಿಫಿಕ್ ಪ್ರಶಸ್ತಿಯೂ ಬಂತು. ಈಗ ಸಂಗೀತ, ನಾಟಕ ಎಲ್ಲ ನಡೆಯುತ್ತದೆ. ಇವತ್ತು ನಾವು ಬಂದಿರುವುದೂ ಒಂದು ಹಿಂದೂಸ್ತಾನಿ ಕಛೇರಿಗೆ.

ನಾನು ಕೆಳಗಿನ ಟಿಕೆಟ್ ತೆಗೆಯೋಣ ಅಂದಿದ್ದೆ. ದೊಡ್ಡಪ್ಪಯ್ಯ ಒಪ್ಪಲಿಲ್ಲ, ಬಾಲ್ಕನಿಯೇ ಬೇಕು ಅಂದರು. ಮೆಟ್ಟಿಲು ಹತ್ತುವಾಗ ಕಟಕಟೆಯನ್ನು ನೋಡದೆ ಹಿಡಿದುಕೊಂಡರು. ತಿರುವಿನಲ್ಲಿ ಕೈ ತಾನಾಗಿ ತಿರುಗಿತು. ಇದೊಂದು ಶಾಟ್ ನಾನು ಮೂರು ಸಲ ನೋಡಿದ್ದೇನೆ. ಮೇಲೆ ಹೋಗಿ ಸಾಲುಗಳನ್ನು ಎಣಿಸಿ, "ಇಲ್ಲೇ ಎಲ್ಲೋ" ಅಂತ ಕೂತರು. ಕೊಡೆಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು.

ಕಾರ್ಯಕ್ರಮ ಶುರುವಾದ ಮೇಲೆ ಶೂಟ್ ಮಾಡುವಂತಿಲ್ಲ. ಹಾಗಾಗಿ ಕ್ಯಾಮೆರಾ ಬ್ಯಾಗಿನೊಳಗೆ ಹೋಯಿತು. ತಂಬೂರಿಯ ಮೊದಲ ಶ್ರುತಿ ಮೇಲಿನವರೆಗೂ ತೆಳ್ಳಗೆ, ಸ್ಪಷ್ಟವಾಗಿ ಬಂತು. ದೊಡ್ಡಪ್ಪಯ್ಯ ನನ್ನ ಕಡೆ ತಿರುಗಿ ತಲೆಯಾಡಿಸಿದರು.

ಮುಗಿದಾಗ ರಾತ್ರಿ ಒಂಬತ್ತೂವರೆ. ಹೊರಗೆ ಸಣ್ಣ ಮಳೆ. ಗೇಟಿನ ಹತ್ತಿರ ಕೊಡೆ ಬಿಚ್ಚುತ್ತಾ ಅವರು ಹೇಳಿದ್ದು ಫೋನಿನಲ್ಲಿ ರೆಕಾರ್ಡ್ ಆಗಿದೆ, ಕೇಳಿ: "ಬರುವ ಸಲ ಆ ಬಾಕ್ಸಿನ ಟಿಕೆಟ್ ಎಷ್ಟು ಅಂತ ಕೇಳು ಮಗಾ. ಒಂದ್ಸಲ ಅಲ್ಲಿಂದಲೂ ನೋಡ್ಬೇಕು."