ಗದ್ದುಗೆ ಕಾದ ತಮ್ಮ

ಕೇಳುಗರಿಗೆ ನಮಸ್ಕಾರ.

ಗದ್ದುಗೆ ಎಂದರೆ ನಮ್ಮಲ್ಲಿ ಸಿಂಹಾಸನವೂ ಹೌದು, ಸಮಾಧಿಯೂ ಹೌದು. ಮಡಿಕೇರಿಯಲ್ಲಿ ಕೊಡಗಿನ ಅರಸರ ಗದ್ದುಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಲ್ಜಿಯಂ ಅರಸರ ಗದ್ದುಗೆ ಇರುವುದು ಬ್ರಸೆಲ್ಸ್‌ನ ಲಾಕೆನ್ ಚರ್ಚಿನ ನೆಲಮಾಳಿಗೆಯಲ್ಲಿ. ತೀರಿಕೊಂಡ ದೊರೆಗಳೆಲ್ಲ ಅಲ್ಲಿದ್ದಾರೆ. ಅವರ ಜೊತೆಗೇ ದೊರೆಯಾಗದೆ ದೇಶ ನಡೆಸಿದ ಒಬ್ಬರಿದ್ದಾರೆ, ರಾಜಕುಮಾರ ಶಾರ್ಲ್.

ಅವರನ್ನು ದಯವಿಟ್ಟು ‘ದೊರೆ ಶಾರ್ಲ್’ ಎನ್ನಬೇಡಿ. ಅವರು ರೀಜೆಂಟ್, ಗದ್ದುಗೆ ಕಾದವರು. ಮಗ ದೊಡ್ಡವನಾಗುವವರೆಗೆ, 1895ರಿಂದ 1902ರವರೆಗೆ, ಮೈಸೂರಿನಲ್ಲಿ ವಾಣಿವಿಲಾಸ ಸನ್ನಿಧಾನದವರು ಮಾಡಿದ ಕೆಲಸವೂ ಅದೇ.

1944ರ ಜೂನ್‌ನಲ್ಲಿ ಜರ್ಮನ್ನರು ಶಾರ್ಲ್ ಅವರ ಅಣ್ಣ, ದೊರೆ ಮೂರನೆಯ ಲಿಯೊಪೊಲ್ಡ್ ಅವರನ್ನು ಸೆರೆಯಲ್ಲೇ ಜರ್ಮನಿಗೆ ಒಯ್ದರು. ತಮ್ಮನಾದ ಶಾರ್ಲ್ ಬೆಲ್ಜಿಯಂನ ಸ್ಪಾ ಊರಿನ ಆಸುಪಾಸಿನಲ್ಲಿ ತಲೆಮರೆಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಬ್ರಸೆಲ್ಸ್ ಬಿಡುಗಡೆಯಾದಾಗ ಅರಮನೆಯಲ್ಲಿ ದೊರೆಯಿಲ್ಲ. 20ನೆಯ ತಾರೀಖು ಸಂಸತ್ತು ಶಾರ್ಲ್ ಅವರನ್ನು ಆರಿಸಿತು. ಮರುವರ್ಷ ಅಣ್ಣನಿಗೆ ಬಿಡುಗಡೆಯಾಯಿತು. ಆದರೆ ಯುದ್ಧಕಾಲದ ಅವರ ನಡೆಯ ಬಗ್ಗೆ ದೇಶವೇ ಎರಡು ಪಾಲಾಗಿತ್ತು. ಅಣ್ಣ ಸ್ವಿಟ್ಜರ್ಲೆಂಡಿನಲ್ಲಿ ಉಳಿದರು, ಇತ್ತ ಶಾರ್ಲ್ ಗದ್ದುಗೆ ಕಾದರು.

ನಿಮಗೆ ಭರತ ನೆನಪಾಗಿರಬೇಕು. ನನಗಂತೂ ಪ್ರತಿ ಸಲ ನೆನಪಾಗುತ್ತಾನೆ. ಆದರೆ ಇಲ್ಲಿ ಅಣ್ಣ ಮರಳಿದಾಗ ಅಪ್ಪುಗೆ ಇರಲಿಲ್ಲ. 1950ರ ಜುಲೈಯಲ್ಲಿ ಅಧಿಕಾರ ಮುಗಿಯಿತು. ಶಾರ್ಲ್ ಒಸ್ಟೆಂಡ್ ಬಳಿಯ ರಾವರ್ಸೈಡ ಕಡಲತೀರಕ್ಕೆ ಹೋಗಿ ಕುಂಚ ಹಿಡಿದರು. ಚಿತ್ರಗಳಿಗೆ ಹಾಕುತ್ತಿದ್ದ ರುಜು ‘ಕಾರೆಲ್ ಫಾನ್ ಫ್ಲಾಂಡರೆನ್’. ಕಾರೆಲ್ ಎಂದರೆ ಶಾರ್ಲ್. ಫ್ಲಾಂಡರೆನ್ ಆ ಸೀಮೆಯ ಹೆಸರು. ರಾಜಕುಮಾರ ಎಂಬ ಪದವಿಗೆ ಅದರಲ್ಲಿ ಜಾಗವಿಲ್ಲ. ಅಲ್ಲಿನ ಅವರ ನೆಲದಲ್ಲಿ ಜರ್ಮನ್ನರು ಬಿಟ್ಟುಹೋದ ಕಾಂಕ್ರೀಟ್ ಬಂಕರುಗಳಿದ್ದವು. ಅವನ್ನು ಒಡೆಯಲು ಅವರು ಬಿಡಲಿಲ್ಲ. ಇವತ್ತು ಅದೇ ಒಂದು ವಸ್ತುಸಂಗ್ರಹಾಲಯ. ಗದ್ದುಗೆ ಕಾದ ಮನುಷ್ಯ ಬಂಕರುಗಳನ್ನೂ ಕಾದರು, ನೋಡಿ!

ಗಡಿಯಾರ ಮುಂದೆ ಓಡಿದೆ. ಅವರ ಕಾಲದಲ್ಲೇ ಸಾಮಾಜಿಕ ಭದ್ರತೆಯ ವ್ಯವಸ್ಥೆ ನೆಲೆಯೂರಿತು, 1949ರಲ್ಲಿ ಹೆಂಗಸರು ಮೊದಲ ಬಾರಿಗೆ ಸಂಸತ್ ಚುನಾವಣೆಯಲ್ಲಿ ಮತ ಹಾಕಿದರು. ಒಂದೊಂದಕ್ಕೂ ಒಂದು ಭಾಷಣವೇ ಬೇಕು.

1983ರ ಜೂನ್ 1ರಂದು ತಮ್ಮ ತೀರಿಕೊಂಡರು, ಸೆಪ್ಟೆಂಬರ್ 25ರಂದು ಅಣ್ಣ. ಇಬ್ಬರೂ ಇರುವುದು ಲಾಕೆನ್‌ನ ಅದೇ ನೆಲಮಾಳಿಗೆಯಲ್ಲಿ. ಅದರ ಬಾಗಿಲು ಎಲ್ಲ ದಿನವೂ ತೆರೆದಿರುವುದಿಲ್ಲ. ಬ್ರಸೆಲ್ಸ್ ಕಡೆಗೆ ಹೋಗುವವರು ದಿನ ವಿಚಾರಿಸಿಕೊಂಡು ಹೋಗಿ. ದೊರೆಗಳ ಹೆಸರು ಓದಿ ಹಿಂದಿರುಗಬೇಡಿ, ಶಾರ್ಲ್ ಎಲ್ಲಿದ್ದಾರೆ ಎಂದು ಕೇಳಿ.

ನಮಸ್ಕಾರ.