ಯಾವ ಫಾಸ್ಟು?

ಕೇಳುಗರೇ, ನಮಸ್ಕಾರ.

ಶ್ರಾವಣದ ಒಂದು ಸೋಮವಾರ ಸಂಜೆ ಮುಂಬೈಯ ದಾದರಿನಲ್ಲಿ ಠಾಣೆಯ ಸ್ಲೋ ಲೋಕಲ್ ರೈಲು ಹತ್ತಿದೆ, ಎಲ್ಲಾ ಸ್ಟೇಷನ್ನಿನಲ್ಲೂ ನಿಲ್ಲುವಂಥದ್ದು. ಒಳಗೆ ನಮ್ಮ ಕಟ್ಟಡದ ಅಕ್ಕ ಸಿಕ್ಕರು. ಚೀಲದಿಂದ ಚಕ್ಕುಲಿ ತೆಗೆದು ಕೊಡಹೋದೆ. "ಬೇಡಪ್ಪ, ಇವತ್ತು ಫಾಸ್ಟು" ಅಂದರು. ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ ಕನ್ನಡ ಬರುವುದಿಲ್ಲ. ಕಿವಿಗೆ ಬಿದ್ದದ್ದು ಫಾಸ್ಟ್ ಒಂದೇ. "ಏನು, ಫಾಸ್ಟಾ? ವಿಕ್ರೋಲಿಯಲ್ಲಿ ನಿಲ್ಲಲ್ವಾ?" ಅಂತ ಹಿಂದಿಯಲ್ಲಿ ಕೇಳುತ್ತಾ ಬಾಗಿಲಿಗೆ ನುಗ್ಗಿದ. ಪಾಪ, ಹಿಡಿದು ನಿಲ್ಲಿಸಬೇಕಾಯಿತು.

ತಪ್ಪು ಅವನದಲ್ಲ, ಆ ಪದದ್ದು. ಸುಮಾರು 1000 ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಫಾಸ್ಟ್ ಅಂದರೆ ವೇಗ ಅಲ್ಲ, ಗಟ್ಟಿ. ಅಲುಗಾಡದ್ದು, ಕಚ್ಚಿಕೊಂಡು ನಿಂತದ್ದು. ವಿಮಾನದಲ್ಲಿ ಬೆಲ್ಟ್ ಫಾಸನ್ ಮಾಡಿ ಅನ್ನುತ್ತಾರಲ್ಲ, ಅದು ಈ ಪದದ್ದೇ ಮಗು. ದಾದರಿನ ಸೀರೆ ಅಂಗಡಿಯವನು "ಫಾಸ್ಟ್ ಕಲರ್, ಪಕ್ಕಾ ರಂಗ್" ಅಂದರೆ ಬಣ್ಣ ಓಡಿಹೋಗುತ್ತದೆ ಅಂತಲ್ಲ, ಬಟ್ಟೆಯನ್ನು ಬಿಡುವುದಿಲ್ಲ ಅಂತ. (ಮೊದಲ ಒಗೆತಕ್ಕೇ ಬಿಟ್ಟರೆ ನನ್ನನ್ನು ಕೇಳಬೇಡಿ.)

ಅಕ್ಕ ಹೇಳಿದ ಫಾಸ್ಟಿಗೂ, ಅಂದರೆ ಉಪವಾಸಕ್ಕೂ, ಅದೇ ಬೇರು. ನೇಮವನ್ನು ಬಿಗಿಯಾಗಿ ಹಿಡಿಯುವುದು ಅಂತ ಶುರುವಾಗಿ, ಊಟ ಬಿಡುವುದು ಅಂತ ಆಯಿತು. ನಾವೂ "ವ್ರತ ಹಿಡಿದಿದ್ದಾಳೆ" ಅನ್ನುತ್ತೇವೆ, ಅಲ್ವಾ? ಬ್ರೇಕ್‌ಫಾಸ್ಟ್ ಅಂದರೆ ರಾತ್ರಿಯ ಆ ಉಪವಾಸ ಮುರಿಯುವುದು.

ಹಾಗಾದರೆ ವೇಗ ಎಲ್ಲಿಂದ ಬಂತು? ಬಿಗಿಯಾಗಿ ಮಾಡು ಅಂದರೆ ಜೋರಾಗಿ ಮಾಡು ಅಂತ ಆಯಿತು. ಜೋರಾಗಿ ಓಡಿದವನು ಬೇಗ ಮುಟ್ಟುತ್ತಾನೆ. ಅಲ್ಲಿಗೆ, ಕದಲದೆ ನಿಂತಿದ್ದ ಪದವೇ ಓಡತೊಡಗಿತು! ನಗಬೇಡಿ, ನಮ್ಮ 'ಗಟ್ಟಿ'ಯೂ ಸುಮ್ನೆ ಕೂತಿಲ್ಲ. ಕಲ್ಲು ಗಟ್ಟಿ ಸರಿ. "ಗಟ್ಟಿಯಾಗಿ ಓದು" ಅಂದಾಗ ದನಿ ಹೇಗೆ ಗಟ್ಟಿಯಾಗುತ್ತದೆ? ಇನ್ನು 'ಹಿಡಿ'ಯ ಕತೆ ಕೇಳಲೇಬೇಡಿ. ಲೋಕಲ್ ಹಿಡಿಯುತ್ತೇವೆ, ಮಳೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಕೆಲವರಿಗೆ ಹುಚ್ಚೂ ಹಿಡಿಯುತ್ತದೆ.

ವಿಕ್ರೋಲಿಯಲ್ಲಿ ಹುಡುಗ ಇಳಿದ. ಭಾಂಡುಪ್ ದಾಟುವಷ್ಟರಲ್ಲಿ ಅಕ್ಕನಿಗೆ ಕೂತಲ್ಲೇ ಒಳ್ಳೆ ನಿದ್ದೆ. ಗಾಢ ನಿದ್ದೆಗೂ ಇಂಗ್ಲಿಷಿನವರು 'ಫಾಸ್ಟ್ ಅಸ್ಲೀಪ್' ಅಂತಲೇ ಅನ್ನುತ್ತಾರೆ. ಮುಲುಂಡ್ ಬಂದಾಗ ನಾನೇ ಎಬ್ಬಿಸಿದೆ. ಕಣ್ಣುಜ್ಜುತ್ತಾ ಕೈ ಚಾಚಿದರು.

"ಆ ಚಕ್ಕುಲಿ ಇಲ್ಲಿ ಕೊಡು. ನಾಳೆ ಬೆಳಿಗ್ಗೆಗಾಯ್ತು."