ಕಲಿಸುವ ಕೋಚ್, ಬಿಡಿಸುವ ಕೋಚ್

ನಮಸ್ಕಾರ. ನನಗಿಂತ ಮುಂಚೆ ಮಾತಾಡಿದ ಗೆಳೆಯರು ಒಂದು ಮಾತು ಹೇಳಿದರು. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ಗಳು ಒಳ್ಳೆಯವರಿದ್ದರೆ ಸಾಕು, ಅವರನ್ನು ತಿದ್ದುವ ಪಿಚಿಂಗ್ ಕೋಚ್ ಅಂದರೆ ಡಗೌಟ್‌ನ ಬೆಂಚಿನಲ್ಲಿ ಒಂದು ಜಾಗ ದಂಡ, ಅಷ್ಟೇ ಅಂತ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ, ಸುಮ್ನೆ ಮರ್ಯಾದೆಗೆ. ಬರೆದುಕೊಂಡು ಬಂದಿದ್ದ ಭಾಷಣ ಆಗಲೇ ಜೇಬು ಸೇರಿತು. ಈಗ ಅವರ ಮಾತಿಗೇ ಉತ್ತರ ಕೊಡುತ್ತೇನೆ.

ಲಿಯೋ ಮಝೋನಿ ನಿಮಗೆ ಗೊತ್ತೇ ಇದ್ದಾರೆ. 1990ರಿಂದ 2005ರವರೆಗೆ ಅಟ್ಲಾಂಟಾ ಬ್ರೇವ್ಸ್ ತಂಡದ ಪಿಚಿಂಗ್ ಕೋಚ್. ಹೆಸರು ಮರೆತವರಿಗೂ ಆ ತೂಗಾಟ ನೆನಪಿರುತ್ತದೆ. ಮ್ಯಾನೇಜರ್ ಬಾಬಿ ಕಾಕ್ಸ್ ಕಲ್ಲಿನ ಹಾಗೆ ಕೂತಿರುತ್ತಿದ್ದರು, ಪಕ್ಕದಲ್ಲಿ ಈ ಮನುಷ್ಯ ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ. ಬೆಂಚಿಗೆ ತೊಟ್ಟಿಲ ಹಗ್ಗ ಕಟ್ಟಿದ್ದಾರೇನೋ ಅನ್ನಿಸುತ್ತಿತ್ತು. ಪಂದ್ಯ ಬಿಗಿಯಾದಷ್ಟೂ ತೂಗಾಟ ಜಾಸ್ತಿ ಅಂತ ನನ್ನ ಲೆಕ್ಕ. ಅದನ್ನೇ ನೋಡುತ್ತಾ ನಾನು ಎಷ್ಟೋ ಎಸೆತ ತಪ್ಪಿಸಿಕೊಂಡಿದ್ದೇನೆ.

ಅವರ ಕೈಕೆಳಗೆ ಗ್ಲ್ಯಾವಿನ್, ಸ್ಮೋಲ್ಟ್ಜ್, ಮ್ಯಾಡಕ್ಸ್. 1991ರಿಂದ 1998ರೊಳಗೆ ಬ್ರೇವ್ಸ್ ಅಂಗಿ ತೊಟ್ಟೇ ಈ ಮೂವರು ಆರು ಸೈ ಯಂಗ್ ಪ್ರಶಸ್ತಿ ಗೆದ್ದರು; ವರ್ಷಕ್ಕೊಮ್ಮೆ ಎರಡು ಲೀಗ್‌ಗಳಲ್ಲಿ ತಲಾ ಒಬ್ಬ ಅತ್ಯುತ್ತಮ ಪಿಚರ್‌ಗೆ ಕೊಡುವ ಪ್ರಶಸ್ತಿ ಅದು. 1995ರಲ್ಲಿ ವರ್ಷದ ಕೊನೆಯ ಫೈನಲ್ ಸರಣಿ, ವರ್ಲ್ಡ್ ಸೀರೀಸ್ ಕೂಡ ಬಂತು. ಮಝೋನಿ ಮಾಡಿದ್ದಾದರೂ ಏನು? ಹಳೆಯ ಪಿಚಿಂಗ್ ಕೋಚ್ ಜಾನಿ ಸೇನ್ ಅವರಿಂದ ಕಲಿತ ಒಂದು ಕ್ರಮ. ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ಬೇರೆ ತಂಡದವರು ಬುಲ್‌ಪೆನ್‌ಗೆ, ಅಂದರೆ ಪಿಚರ್‌ಗಳು ತೋಳು ಬಿಸಿ ಮಾಡಿಕೊಳ್ಳುವ ಜಾಗಕ್ಕೆ, ಹೋಗಿ ಒಂದು ಸಲ ಎಸೆದರೆ, ಇವರ ಹುಡುಗರು ಎರಡು ಸಲ. ಆದರೆ ಪೂರ್ತಿ ಬಲ ಹಾಕುವ ಹಾಗಿಲ್ಲ. ಬ್ಯಾಟರ್‌ಗೆ ದೂರದ ಹೊರಗಿನ ಮೂಲೆ, ಮಂಡಿ ಎತ್ತರ. ಮತ್ತೆ ಅದೇ ಮೂಲೆ, ಅದೇ ಮಂಡಿ. ತೋಳಿನ ಹದ ಉಳಿಯಬೇಕು, ತೋಳು ಸೋಲಬಾರದು. ಜೋರಾಗಿ ಎಸೆದರೇ ಅಭ್ಯಾಸ ಅನ್ನುವ ಹಠವನ್ನು ಅವರು ಬಿಡಿಸಿದರು. ನನ್ನ ವಾದ ಇದೇ: ಒಳ್ಳೆ ಪಿಚಿಂಗ್ ಕೋಚ್ ಕಲಿಸುವುದಕ್ಕಿಂತ ಬಿಡಿಸುವುದು ಜಾಸ್ತಿ.

ಗೆಳೆಯರು ಅಲ್ಲಿ ಕೂತು ನಗುತ್ತಿದ್ದಾರೆ. ಯಾಕೆ ಅಂತ ಗೊತ್ತು. ಮ್ಯಾಡಕ್ಸ್ 1992ರಲ್ಲಿ ಕಬ್ಸ್ ತಂಡದಲ್ಲಿದ್ದಾಗಲೇ ಸೈ ಯಂಗ್ ಗೆದ್ದಿದ್ದ. ಸಿದ್ಧ ಸರಕು. ಇನ್ನು ಬಾಲ್ಟಿಮೋರ್ ಕತೆ. 2006ರಲ್ಲಿ ಮಝೋನಿ ಓರಿಯೋಲ್ಸ್ ಸೇರಿದರು. ಅಲ್ಲಿನ ಮ್ಯಾನೇಜರ್ ಸ್ಯಾಮ್ ಪರ್ಲೋಝೋ ಅವರ ಬಾಲ್ಯದ ಗೆಳೆಯ. ಎರಡು ವರ್ಷವೂ ತಂಡದ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್‌ಗಳು ಬಿಟ್ಟುಕೊಟ್ಟ ರನ್‌ಗಳ ಸರಾಸರಿ, 5 ದಾಟಿತು; ಅದು ಕಡಿಮೆ ಇದ್ದಷ್ಟೂ ಒಳ್ಳೇದು. 2007ರ ನಡುವೆ ಗೆಳೆಯನ ಕೆಲಸ ಹೋಯಿತು, ಸೀಸನ್ ಮುಗಿದ ಮೇಲೆ ಇವರದ್ದೂ. ತೂಗಾಟ ಅದೇ, ಮೂಲೆ ಅದೇ, ಪಿಚರ್‌ಗಳು ಮಾತ್ರ ಬೇರೆ. ಒಪ್ಪಿದೆ. ಬಿಡಿಸಬೇಕಾದರೆ, ಬಿಟ್ಟ ಮೇಲೂ ಉಳಿಯುವಂಥದ್ದು ಏನಾದರೂ ಇರಬೇಕಲ್ವಾ?

ಒಂದು ಚೀಟಿ ಬಂತು. ಅಧ್ಯಕ್ಷರದ್ದು. ನೋಡಿದೆ ಸಾರ್, ಬೇಗ ಮುಗಿಸುತ್ತೇನೆ.

ಇನ್ನೊಬ್ಬ ಪಿಚಿಂಗ್ ಕೋಚ್, ಡೇವ್ ಡಂಕನ್. ತಮಾಷೆ ಅಂದರೆ ಆಡುವಾಗ ಇವರು ಪಿಚರೇ ಅಲ್ಲ, ಪಿಚರ್ ಎಸೆದದ್ದನ್ನು ಹಿಡಿಯುವ ಕ್ಯಾಚರ್. ಆದರೆ ಕ್ಯಾಚರ್‌ನಷ್ಟು ಎಸೆತಗಳನ್ನು ಎದುರಿನಿಂದ ನೋಡಿದವರು ಯಾರಿದ್ದಾರೆ? 1987ರಲ್ಲಿ ಇವರಿದ್ದ ಓಕ್ಲೆಂಡ್ ತಂಡಕ್ಕೆ ಡೆನಿಸ್ ಎಕರ್ಸ್ಲಿ ಬಂದ. ವಯಸ್ಸು 32, ಹತ್ತು ವರ್ಷಕ್ಕೂ ಜಾಸ್ತಿ ಸ್ಟಾರ್ಟರ್, ಅಂದರೆ ಪಂದ್ಯ ಶುರುಮಾಡುವ ಪಿಚರ್ ಆಗಿ ಆಡಿದವನು. ಮ್ಯಾನೇಜರ್ ಟೋನಿ ಲಾ ರೂಸಾ ಮತ್ತು ಡಂಕನ್ ಸೇರಿ ಅವನಿಂದ ಆ ಪಟ್ಟವನ್ನೇ ಬಿಡಿಸಿದರು. ಬುಲ್‌ಪೆನ್‌ಗೆ ಕಳಿಸಿದರು, ಕೊನೆಯ ಇನ್ನಿಂಗ್ಸ್ ಕೈಗಿಟ್ಟರು. ಅಂಥವನಿಗೆ ಇದು ಅವಮಾನ ಅನ್ನಿಸಿದ್ದರೂ ತಪ್ಪಿರಲಿಲ್ಲ. 1990ರಲ್ಲಿ ಅದೇ ಎಕರ್ಸ್ಲಿ 73 ಇನ್ನಿಂಗ್ಸ್ ಎಸೆದು ಕೊಟ್ಟ ವಾಕ್, ಅಂದರೆ ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್, ಎಷ್ಟು ಗೊತ್ತಾ? ನಾಲ್ಕು! ಇಡೀ ವರ್ಷಕ್ಕೆ ನಾಲ್ಕು. ಕೆಲವು ಪಿಚರ್‌ಗಳು ರಾಷ್ಟ್ರಗೀತೆ ಮುಗಿದ ಹತ್ತು ನಿಮಿಷದಲ್ಲಿ ಅಷ್ಟು ಕೊಟ್ಟಿರುತ್ತಾರೆ. 1992ರಲ್ಲಿ ತನ್ನ ಲೀಗಿನ ಸೈ ಯಂಗ್, ಅತ್ಯಮೂಲ್ಯ ಆಟಗಾರನಿಗೆ ಕೊಡುವ ಎಂವಿಪಿ ಎರಡೂ ಅವನಿಗೇ.

ಈ ಕಾಲದ್ದು ಬೇಕಾದರೆ ಪಿಚರ್ ಗೆರಿಟ್ ಕೋಲ್. ಪಿಟ್ಸ್‌ಬರ್ಗ್‌ನಲ್ಲಿ 2017ರಲ್ಲಿ ಇಆರ್‌ಎ 4.26. ಮರುವರ್ಷ ಹ್ಯೂಸ್ಟನ್‌ನಲ್ಲಿ 2.88, ಅದರ ಮುಂದಿನ ವರ್ಷ 2.50. ಅಲ್ಲಿ ಬ್ರೆಂಟ್ ಸ್ಟ್ರಾಮ್ ಕೋಚ್. ಕೆಳಗಿಳಿಯುವ ಎಸೆತ ಸಿಂಕರ್ ಕಡಿಮೆಯಾಯಿತು, ನೇರ ವೇಗದ ಎಸೆತ ಫೋರ್ ಸೀಮ್, ಸ್ಟ್ರೈಕ್ ಜೋನಿನ, ಅಂದರೆ ಸರಿಯಾದ ಎಸೆತ ಅನ್ನಿಸಿಕೊಳ್ಳುವ ಚೌಕದ, ಮೇಲ್ತುದಿಗೆ ಏರಿತು. ನೋಡಿ, ಮತ್ತೆ ಬಿಡಿಸಿದ್ದೇ! ಕೀರ್ತಿ ಸ್ಟ್ರಾಮ್ ಒಬ್ಬರದ್ದಲ್ಲ, ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕಿದವರದ್ದೂ ಹೌದು. ಆದರೆ ಇಷ್ಟು ದಿನ ಅನ್ನ ಕೊಟ್ಟ ಎಸೆತವನ್ನು ಬಿಟ್ಟುಬಿಡು ಅಂತ ಪಿಚರ್‌ಗೆ ಮುಖ ನೋಡಿ ಹೇಳುವುದಕ್ಕೆ ಒಬ್ಬ ಮನುಷ್ಯ ಬೇಕಲ್ಲ.

ಮೊಣಕೈ ಗಾಯಗಳ ಬಗ್ಗೆ ಹೇಳಬೇಕಿತ್ತು. ಸ್ಟ್ರಾಮ್ ಸ್ವತಃ ಟಾಮಿ ಜಾನ್ ಸರ್ಜರಿ ಮಾಡಿಸಿಕೊಂಡ ಎರಡನೇ ಪಿಚರ್. ಅದು ದೊಡ್ಡ ಕತೆ, ಇನ್ನೊಂದು ದಿನ ನೋಡೋಣ. ಮೌಂಡ್‌ಗೆ, ಅಂದರೆ ಪಿಚರ್ ನಿಂತು ಎಸೆಯುವ ದಿಬ್ಬಕ್ಕೆ, ಹೋದಾಗ ಕೋಚ್ ಏನು ಹೇಳುತ್ತಾನೆ ಅನ್ನುವುದೂ ಉಳಿಯಿತು. ಎಷ್ಟೋ ಸಲ ಏನೂ ಇಲ್ಲ. ಬುಲ್‌ಪೆನ್‌ನಲ್ಲಿ ಇನ್ನೊಬ್ಬನ ತೋಳು ಬಿಸಿಯಾಗುವವರೆಗೆ ಹೊತ್ತು ಕಳೆಯುವುದು, ಅಷ್ಟೇ. ಈಗ ಅದಕ್ಕೂ ಕಡಿವಾಣ. 2018ರಲ್ಲಿ ಒಂದು ಪಂದ್ಯಕ್ಕೆ ಆರು ಭೇಟಿ ಅಂದರು, 2024ಕ್ಕೆ ನಾಲ್ಕಕ್ಕೆ ಇಳಿಸಿದರು.

ಓಹೋ, ಅಧ್ಯಕ್ಷರು ಈ ಸಲ ಚೀಟಿ ಕಳಿಸಿಲ್ಲ, ತಾವೇ ಎದ್ದು ಬರುತ್ತಿದ್ದಾರೆ. ಒಂದೇ ಇನ್ನಿಂಗ್ಸ್‌ನಲ್ಲಿ ಕೋಚ್ ಎರಡನೇ ಸಲ ಮೌಂಡ್‌ಗೆ ಬಂದರೆ ಪಿಚರ್ ಇಳಿಯಲೇಬೇಕು, ರೂಲು. ತಗೊಳ್ಳಿ ಸಾರ್, ಮೈಕು.